ನೈಟ್ರೋ ಟ್ರಕ್ ಕೆಟ್ಟಾಗ: ತೊಂದರೆ ಎಂಜಿನ್‌ನದೋ ಕ್ಲಚ್‌ನದೋ ಎಂದು ಪತ್ತೆಹಚ್ಚುವ ಕ್ರಮ

ನೈಟ್ರೋ ಇಂಧನದಿಂದ (ನೈಟ್ರೋಮೀಥೇನ್, ಮೆಥನಾಲ್ ಮತ್ತು ಎಣ್ಣೆಯ ಮಿಶ್ರಣ) ಓಡುವ ರಿಮೋಟ್ ಟ್ರಕ್ಕು ಸ್ಟಾರ್ಟ್ ಆದ ಕೂಡಲೇ ತಾನಾಗಿ ಮುಂದಕ್ಕೆ ಹೊರಟರೆ ಹಲವರು ಮೊದಲು ಕ್ಲಚ್ ಬಿಚ್ಚುತ್ತಾರೆ. ಬ್ರೇಕ್ ಹಾಕಿದೊಡನೆ ಎಂಜಿನ್ ನಿಂತರೆ ಕಾರ್ಬುರೇಟರಿನ ಸೂಜಿಗಳನ್ನು (ಇಂಧನದ ಪ್ರಮಾಣ ಹೊಂದಿಸುವ ಸ್ಕ್ರೂಗಳನ್ನು) ತಿರುಗಿಸತೊಡಗುತ್ತಾರೆ. ಮೊದಲನೆಯದಕ್ಕೆ ಹೆಚ್ಚಾಗಿ ಏರಿದ ಐಡಲ್ (ಥ್ರಾಟಲ್ ಬಿಟ್ಟಾಗ ಎಂಜಿನ್ ಓಡುವ ವೇಗ) ಕಾರಣವಾಗಿರುತ್ತದೆ, ಎರಡನೆಯದಕ್ಕೆ ಬಿಗಿದುಕೊಂಡ ಕ್ಲಚ್ ಬೇರಿಂಗ್ ಕಾರಣವಾಗಿರಬಹುದು. ಟಿ-ಮ್ಯಾಕ್ಸ್ 3.3ರಂಥ ಟ್ರಕ್ಕುಗಳಲ್ಲಿ ಕ್ಲಚ್ಚಿಗೆ ಪ್ರತ್ಯೇಕ ನಿಯಂತ್ರಣವಿಲ್ಲ. ಎಂಜಿನ್ ವೇಗ ಹೆಚ್ಚಿದಾಗ ಫ್ಲೈವ್ಹೀಲ್ (ಎಂಜಿನ್ ಜೊತೆಗೇ ತಿರುಗುವ ಭಾರದ ಚಕ್ರ) ಮೇಲಿನ ಶೂಗಳು ಸ್ಪ್ರಿಂಗ್‌ನ ಹಿಡಿತವನ್ನು ಮೀರಿ ಹೊರಕ್ಕೆ ಚಾಚಿ, ಕ್ಲಚ್ ಬೆಲ್‌ನ ಒಳಗೋಡೆಯನ್ನು ಹಿಡಿಯುತ್ತವೆ; ಈ ಬಟ್ಟಲಿನಾಕಾರದ ಬೆಲ್ ಗೇರ್‌ಗಳ ಮೂಲಕ ಚಕ್ರಗಳನ್ನು ತಿರುಗಿಸುತ್ತದೆ. ಆದ್ದರಿಂದ ಎಂಜಿನ್ನಿನ ವೇಗ ಸರಿಯಾಗದೆ ಕ್ಲಚ್ಚಿನ ಬಗ್ಗೆ ತೀರ್ಮಾನಕ್ಕೆ ಬರುವುದು ತರವಲ್ಲ.

ಇಂಧನದಲ್ಲಿರುವ ಮೆಥನಾಲ್ ವಿಷಕಾರಿ, ಅದರ ಜ್ವಾಲೆ ಹಗಲಿನಲ್ಲಿ ಬಹುತೇಕ ಕಾಣುವುದೇ ಇಲ್ಲ; ಕೆಲಸವನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಮಾಡಬೇಕು.

ಮೊದಲ ಪರೀಕ್ಷೆಗೆ ಇಂಧನವೇ ಬೇಡ. ಎಂಜಿನ್ ಆರಿರುವಾಗ ಟ್ರಕ್ಕನ್ನು ನೆಲದ ಮೇಲಿಟ್ಟು ಕೈಯಿಂದ ಮುಂದಕ್ಕೆ ತಳ್ಳಿ, ಫ್ಲೈವ್ಹೀಲನ್ನು ಗಮನಿಸಬೇಕು. ಚಕ್ರಗಳು ಉರುಳಿ, ಕ್ಲಚ್ ಬೆಲ್ ತಿರುಗಿ, ಫ್ಲೈವ್ಹೀಲ್ ಮಾತ್ರ ಅಲುಗದೆ ನಿಂತರೆ ಕ್ಲಚ್ ಬಿಡಿಸಿಕೊಂಡಿದೆ ಎಂದರ್ಥ. ಫ್ಲೈವ್ಹೀಲೂ ಜೊತೆಗೆ ತಿರುಗಲು ಹವಣಿಸಿದರೆ, ಅಥವಾ ಟ್ರಕ್ಕು ಮುಂದೆ ಸಾಗಲು ಮೊಂಡು ಹಿಡಿದರೆ, ಬೆಲ್‌ನ ಬೇರಿಂಗ್ ಬಿಗಿದಿದೆ ಅಥವಾ ಸ್ಪ್ರಿಂಗ್ ಮುರಿದಿದೆ ಎಂದು ಶಂಕಿಸಬೇಕು.

ಎಂಜಿನ್ ಸ್ಟಾರ್ಟೇ ಆಗದಿದ್ದರೆ ಗ್ಲೋ ಪ್ಲಗ್ಗನ್ನು (ಕಾದ ಸುರುಳಿಯಿಂದ ಇಂಧನ ಹೊತ್ತಿಸುವ ಪ್ಲಗ್) ಬಿಚ್ಚಿ, ಅದನ್ನು ಕಾಯಿಸುವ ಇಗ್ನೈಟರ್‌ಗೆ ಜೋಡಿಸಿ ನೋಡಬೇಕು. ಅದರ ಸುರುಳಿ ಪೂರ್ತಿಯಾಗಿ ಪ್ರಕಾಶಮಾನವಾಗಿ ಕೆಂಪಾಗಬೇಕು. ಸಿಲಿಂಡರಿನಲ್ಲಿ ಇಂಧನ ತುಂಬಿಕೊಂಡು ಎಂಜಿನ್ ತಿರುಗದಿದ್ದರೆ ಬಲವಂತ ಮಾಡಬಾರದು, ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ಪ್ಲಗ್ ತೆಗೆದು, ಟ್ರಕ್ಕನ್ನು ತಲೆಕೆಳಗಾಗಿ ಹಿಡಿದು, ರಂಧ್ರಕ್ಕೆ ಬಟ್ಟೆ ಅಡ್ಡವಿಟ್ಟು ಎಂಜಿನ್ ತಿರುಗಿಸಿದರೆ ಇಂಧನ ಹೊರಬರುತ್ತದೆ. ಹೊಸ ಎಂಜಿನ್ನಿನಲ್ಲಿ ಪಿಸ್ಟನ್ ಮೇಲ್ತುದಿಯಲ್ಲಿ ಬಿಗಿಯಾಗುವುದು ಮಾತ್ರ ಸಹಜ: ಸಿಲಿಂಡರ್ ಮೇಲಕ್ಕೆ ಹೋದಂತೆ ಕಿರಿದಾಗಿದ್ದು, ಬಿಸಿಯಾದಾಗಲಷ್ಟೇ ಸರಿಯಾದ ಅಳತೆಗೆ ಬರುತ್ತದೆ. ಬಾಟಲಿಯ ಮುಚ್ಚಳ ಸಡಿಲವಿದ್ದ ಹಳೆಯ ಇಂಧನವನ್ನು ಬಳಸಲೇಬಾರದು, ಏಕೆಂದರೆ ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ.

ಟ್ಯೂನಿಂಗ್‌ಗೆ ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ಮೊದಲು ಹೈ-ಸ್ಪೀಡ್ ಸೂಜಿ, ಬಳಿಕ ಲೋ-ಸ್ಪೀಡ್ ಸೂಜಿ, ಕೊನೆಗೆ ಐಡಲ್ ಸ್ಕ್ರೂ; ಈ ಕ್ರಮ ಬದಲಾಗಬಾರದು. ಸೂಜಿಯನ್ನು ಒಮ್ಮೆಗೆ ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ತಿರುಗಿಸದೆ, ಪ್ರತಿ ಸಲವೂ ಓಡಿಸಿ ನೋಡಬೇಕು. ಪೂರ್ಣ ವೇಗದಲ್ಲೂ ತೆಳು ನೀಲಿ ಹೊಗೆ ಕಾಣುತ್ತಿರಬೇಕು. ಹೆಡ್‌ನ ಉಷ್ಣತೆ ಸಾಮಾನ್ಯವಾಗಿ 105ರಿಂದ 125 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರುತ್ತದೆ. 130 ದಾಟಿದರೆ ಕೂಡಲೇ ನಿಲ್ಲಿಸಿ ಮಿಶ್ರಣವನ್ನು ರಿಚ್ ಮಾಡಬೇಕು, ಅಂದರೆ ಗಾಳಿಗೆ ಹೋಲಿಸಿದರೆ ಇಂಧನದ ಪಾಲನ್ನು ಹೆಚ್ಚಿಸಬೇಕು. ಇಂಧನದೊಂದಿಗೇ ಎಣ್ಣೆಯೂ ಬರುವುದರಿಂದ, ಲೀನ್ ಆದ (ಇಂಧನದ ಪಾಲು ಕಡಿಮೆಯಾದ) ಎಂಜಿನ್ ಎಣ್ಣೆಯಿಲ್ಲದೆ ಸವೆಯುತ್ತದೆ. ಬೆಂಗಳೂರಿನಲ್ಲಿ ಟ್ಯೂನ್ ಮಾಡಿದ ಟ್ರಕ್ಕನ್ನು ಮಂಗಳೂರಿಗೆ ಒಯ್ಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು: ಸುಮಾರು 900 ಮೀಟರ್ ಎತ್ತರದಿಂದ ಕಡಲ ಮಟ್ಟಕ್ಕೆ ಇಳಿದಾಗ ಗಾಳಿ ಸಾಂದ್ರವಾಗಿ, ಅದೇ ಸೂಜಿಯ ಸ್ಥಾನದಲ್ಲಿ ಎಂಜಿನ್ ಲೀನ್ ಆಗಿ ಓಡುತ್ತದೆ.

ಲೋ-ಸ್ಪೀಡ್ ಸೂಜಿಯನ್ನು ಪರೀಕ್ಷಿಸಲು ಐಡಲ್‌ನಲ್ಲಿರುವಾಗ ಕಾರ್ಬುರೇಟರಿನ ಹತ್ತಿರ ಇಂಧನದ ಕೊಳವೆಯನ್ನು ಚಿವುಟಿ ಹಿಡಿಯಬೇಕು. ಎರಡು ಮೂರು ಸೆಕೆಂಡಿನಲ್ಲಿ ವೇಗ ತುಸು ಏರಿ ಎಂಜಿನ್ ಆರಿದರೆ ಸರಿ, ತಕ್ಷಣ ಆರಿದರೆ ಲೀನ್, ಬಹಳ ಹೊತ್ತು ಓಡಿದರೆ ರಿಚ್. ಏನು ಮಾಡಿದರೂ ಐಡಲ್ ಒಂದೇ ಕಡೆ ನಿಲ್ಲದೆ, ಥ್ರಾಟಲ್ ಬಿಟ್ಟ ಮೇಲೂ ವೇಗ ಇಳಿಯದಿದ್ದರೆ ಸೂಜಿಗಳನ್ನು ಮುಟ್ಟುವುದನ್ನು ನಿಲ್ಲಿಸಿ, ಗಾಳಿ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಕಾರ್ಬುರೇಟರಿನ ಬುಡದ ಓ-ರಿಂಗ್, ಬ್ಯಾಕ್‌ಪ್ಲೇಟ್ ಮತ್ತು ಬಿರುಕುಬಿಟ್ಟ ಕೊಳವೆಗಳು ಮುಖ್ಯ ಶಂಕಿತರು.

ಇಷ್ಟಾದ ಮೇಲೂ ಐಡಲ್‌ನಲ್ಲಿ ಟ್ರಕ್ಕು ಮುಂದೆ ಸರಿಯುತ್ತಿದ್ದರೆ ಕ್ಲಚ್ ಬಿಚ್ಚುವುದು ನ್ಯಾಯ. ವಾಷರ್‌ಗಳ ಅನುಕ್ರಮವನ್ನೂ ಶೂಗಳ ದಿಕ್ಕನ್ನೂ ಮೊದಲೇ ಫೋಟೋ ತೆಗೆದಿಡಬೇಕು. ಶೂ ತಿರುವುಮುರುವಾದರೆ ಹಿಡಿತದ ರೀತಿಯೇ ಬದಲಾಗುತ್ತದೆ. ಬೆಲ್‌ನ ಬೇರಿಂಗ್‌ಗಳು ಕ್ಲಚ್ಚಿನ ಬಿಸಿಯನ್ನೆಲ್ಲ ಸಹಿಸುವುದರಿಂದ ಬೇಗ ಹಾಳಾಗುತ್ತವೆ. ಬೆರಳಿನಲ್ಲಿ ತಿರುಗಿಸುವಾಗ ಒರಟೆನಿಸಿದ ಬೇರಿಂಗನ್ನು ಮತ್ತೆ ಹಾಕದಿರುವುದು ಒಳ್ಳೆಯದು. ಜೋಡಿಸಿದ ಮೇಲೆ ಬೆಲ್ ಸಲೀಸಾಗಿ ತಿರುಗುತ್ತ, ಹಿಂದೆ ಮುಂದೆ ಕೂದಲೆಳೆಯಷ್ಟು ಆಡಬೇಕು.

ಎಂಜಿನ್ ಕೂಗುತ್ತದೆ, ಟ್ರಕ್ಕು ಮಾತ್ರ ಹೋಗುವುದಿಲ್ಲ ಎಂಬ ದೂರಿಗೆ ಸವೆದ ಅಥವಾ ಎಣ್ಣೆ ತಾಗಿದ ಶೂ ಒಂದು ಕಾರಣ. ಅದಕ್ಕೂ ಮೊದಲು ಸ್ಪರ್ ಗೇರ್‌ನ (ಬೆಲ್‌ಗೆ ಕಚ್ಚಿಕೊಂಡಿರುವ ದೊಡ್ಡ ಗೇರ್) ಹಲ್ಲುಗಳನ್ನೂ ಅದರ ಬದಿಯ, ಒತ್ತಡ ಹೆಚ್ಚಾದಾಗ ಗೇರ್ ಜಾರಲು ಬಿಡುವ ಸ್ಲಿಪ್ಪರ್‌ನ ನಟ್ ಸಡಿಲವಾಗಿದೆಯೇ ಎಂಬುದನ್ನೂ ನೋಡಬೇಕು, ಏಕೆಂದರೆ ಎರಡನ್ನೂ ಕ್ಲಚ್ ಮುಟ್ಟದೆಯೇ ಪರಿಶೀಲಿಸಬಹುದು. ಹಲ್ಲು ಸವೆದಿದ್ದರೆ ಗೇರ್ ಬದಲಿಸಿ, ಬೆಲ್‌ಗೂ ಸ್ಪರ್‌ಗೂ ನಡುವೆ ಕಾಗದದ ಪಟ್ಟಿಯೊಂದನ್ನಿಟ್ಟು ಎಂಜಿನ್ನನ್ನು ಒತ್ತಿ ಹಿಡಿದು ಬೋಲ್ಟ್ ಬಿಗಿಯಬೇಕು. ಪಟ್ಟಿ ಹರಿಯದೆ ಬರೀ ಮಡಿಕೆ ಮೂಡಿ ಹೊರಬಂದರೆ ಗೇರ್‌ಗಳ ನಡುವಿನ ಅಂತರ ಸರಿಯಾಗಿದೆ.