ಇಳಿಯುತ್ತ ಕಲಿತ ಪುಲ್-ಅಪ್

ಬದಿಯಡ್ಕದ ಸಮೀಪದ ನಮ್ಮ ತೋಟದಲ್ಲಿ ಕೊಯ್ಲಿನವರು ಒಂದು ಅಡಿಕೆ ಮರದ ತುದಿಯಿಂದ ಇನ್ನೊಂದಕ್ಕೆ ತೂಗಿಕೊಂಡು ದಾಟುವುದನ್ನು ಬಾಲ್ಯದಿಂದ ನೋಡುತ್ತ ಬೆಳೆದ ನಾನು, 16 ವರ್ಷ ಶಾಲೆಯಲ್ಲಿ ಪಾಠ ಹೇಳಿ 41ನೆಯ ವಯಸ್ಸಿಗೆ ಬಂದಾಗ, ಪುಲ್-ಅಪ್‌ಗೆಂದು ಸರಳು ಹಿಡಿದು ತೂಗಿದರೆ ಗಲ್ಲವನ್ನು ಒಂದು ಗೇಣು ಮೇಲಕ್ಕೂ ಒಯ್ಯಲಾರದ ಸ್ಥಿತಿಯಲ್ಲಿದ್ದೆ. ಕಾಸರಗೋಡು ಪೇಟೆಯ ಜಿಮ್ಮಿಗೆ ದಿನಾ ಬಸ್ಸಿನಲ್ಲಿ ಹೋಗಿಬರಲು ಸಮಯವಿರಲಿಲ್ಲವಾದ್ದರಿಂದ, ನನ್ನ ಮೈತೂಕವಾದ 72 ಕಿಲೋವನ್ನೇ ಭಾರವಾಗಿ ಬಳಸಲು ನಿರ್ಧರಿಸಿದೆ.

ಮುರಕಲ್ಲಿನ ಗೋಡೆಗೆ ಸರಳು ಸಿಕ್ಕಿಸಿದರೆ ಕಲ್ಲು ಪುಡಿಯಾಗಿ ಕಿತ್ತುಬರುವ ಭಯವಿರುತ್ತದೆ. ಹಾಗಾಗಿ ಕೊಟ್ಟಿಗೆಯ ಎರಡು ಕಾಂಕ್ರೀಟ್ ಕಂಬಗಳಿಗೆ ಕ್ಲ್ಯಾಂಪ್ ಹಾಕಿಸಿ ಒಂದು ಇಂಚಿನ ಜಿ.ಐ. ಪೈಪನ್ನು ಅಡ್ಡಲಾಗಿ ಕೂರಿಸಿದೆ. ಒಂದು ಇಂಚಿನದೆಂದು ಮಾರುವ ಪೈಪಿನ ಹೊರ ಅಡ್ಡಳತೆ ಸುಮಾರು 33 ಮಿಲಿಮೀಟರ್ ಇರುವುದರಿಂದ ಅದು ಮುಷ್ಟಿಗೆ ಚೆನ್ನಾಗಿ ಹೊಂದುತ್ತದೆ.

ಪುಷ್-ಅಪ್ ಸುಲಭವಾಗಿ ಒಲಿಯಿತು. ನೆಲದ ಮೇಲೆ ಮಾಡುವಾಗ ಕೈಗಳ ಮೇಲೆ ಮೈತೂಕದ ಸುಮಾರು ಶೇ. 64ರಷ್ಟು ಬೀಳುತ್ತದೆ, ಎರಡಡಿ ಎತ್ತರದ ಜಗಲಿಗೆ ಕೈಯೂರಿದರೆ ಅದು ಶೇ. 41ಕ್ಕೆ ಇಳಿಯುತ್ತದೆ, ಅಂದರೆ ನನಗೆ 46 ಕಿಲೋದ ಬದಲು 30 ಕಿಲೋ. ಜಗಲಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಅಂಗಳಕ್ಕೆ ಇಳಿಯಲು ಎರಡು ತಿಂಗಳು ಸಾಕಾಯಿತು.

ಪುಲ್-ಅಪ್‌ನಲ್ಲಿ ಅಂಥ ಮೆಟ್ಟಿಲುಗಳಿಲ್ಲ, ಇಡೀ ದೇಹ ಒಮ್ಮೆಲೇ ತೂಗುತ್ತದೆ. ಆದರೆ ಸ್ನಾಯುವಿಗೆ ಎತ್ತಲಾರದ ಭಾರವನ್ನೂ ನಿಧಾನವಾಗಿ ಇಳಿಸುವ ಶಕ್ತಿ ಇರುತ್ತದೆ. ಸ್ಟೂಲಿನ ಮೇಲೆ ನಿಂತು, ಗಲ್ಲವನ್ನು ಪೈಪಿಗಿಂತ ಮೇಲಿಟ್ಟು, ಕಾಲು ಎತ್ತಿ, ಐದು ಎಣಿಸುವಷ್ಟು ಹೊತ್ತು ಇಳಿಯುವುದನ್ನೇ ನನ್ನ ಮುಖ್ಯ ಅಭ್ಯಾಸವಾಗಿ ಮಾಡಿಕೊಂಡೆ. ನಮ್ಮ ತೋಟಕ್ಕೆ ಕೊಯ್ಲಿಗೆ ಬರುವ ಹಿರಿಯರೊಬ್ಬರು ಇದನ್ನು ನೋಡಿ, "ಹೆಗಲು ಕಿವಿಗೆ ತಾಗುವ ಹಾಗೆ ತೂಗಬೇಡಿ ಮಾಸ್ಟ್ರೇ, ಮೊದಲು ಹೆಗಲನ್ನು ಕೆಳಗೆ ಎಳೆದುಕೊಳ್ಳಿ" ಎಂದರು. ಆ ಒಂದು ತಿದ್ದುಪಡಿಯಿಂದ ಭಾರವು ತೋಳುಗಳಿಂದ ಬೆನ್ನಿನ ಅಗಲವಾದ ಸ್ನಾಯುಗಳಿಗೆ ಸರಿದದ್ದು ನನಗೆ ಸ್ಪಷ್ಟವಾಗಿ ಅನುಭವಕ್ಕೆ ಬಂತು.

ತಪ್ಪು ಮಾಡಿದ್ದು ಅದರ ನಂತರ. ಮೊದಲ ವಾರಗಳಲ್ಲಿ ಬಲ ಬೇಗ ಬೇಗ ಹೆಚ್ಚುವುದನ್ನು ಕಂಡು, ವಾರಕ್ಕೆ ಮೂರು ದಿನವಿದ್ದ ಅಭ್ಯಾಸವನ್ನು ಆರು ದಿನಕ್ಕೆ ಏರಿಸಿದೆ. ಆರಂಭದ ಆ ಏರಿಕೆಯಲ್ಲಿ ಹೆಚ್ಚಿನ ಪಾಲು, ಈಗಾಗಲೇ ಇರುವ ಸ್ನಾಯುವನ್ನು ನರಗಳು ಚೆನ್ನಾಗಿ ದುಡಿಸಲು ಕಲಿಯುವುದರಿಂದ ಬರುತ್ತದೆ. ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಮೊಣಕೈಯ ಒಳಬದಿಯಲ್ಲಿ ಎದ್ದ ನೋವು ಎಷ್ಟಿತ್ತೆಂದರೆ ಬಾವಿಯಿಂದ ಒಂದು ಕೊಡ ನೀರು ಸೇದುವುದೂ ಕಷ್ಟವಾಗಿ, ಮೂರು ವಾರ ಪೈಪನ್ನು ಮುಟ್ಟಲಿಲ್ಲ. ಮತ್ತೆ ಶುರು ಮಾಡಿದಾಗ ದಿನ ಬಿಟ್ಟು ದಿನ, ಮೂರೇ ಸಲ, ನಡುವೆ ಮೂರು ನಿಮಿಷ ವಿಶ್ರಾಂತಿ ಎಂದು ಗೋಡೆಗೆ ಬರೆದು ಅಂಟಿಸಿದೆ. ಇಳಿಯುವ ಎಣಿಕೆಯನ್ನು ಮಾತ್ರ ವಾರಕ್ಕೊಂದರಂತೆ ಹತ್ತರವರೆಗೆ ಬೆಳೆಸಿದೆ.

ಕಾಲುಗಳಿಗೆ ಬಸ್ಕಿ ಮಾಡುತ್ತಿದ್ದೆ. ಊಟದಲ್ಲಿ ಹುರುಳಿ ಮತ್ತು ಕಡಲೆಯನ್ನು ಹೆಚ್ಚಿಸಿಕೊಂಡೆ.

ಫೆಬ್ರವರಿಯಲ್ಲಿ ಆರಂಭಿಸಿದವನಿಗೆ ಮೊದಲ ಪೂರ್ಣ ಪುಲ್-ಅಪ್ ಸಾಧ್ಯವಾದದ್ದು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಹೊರಗೆ ಜಡಿಮಳೆ ಸುರಿಯುತ್ತಿದ್ದ ಒಂದು ಮುಂಜಾನೆ, ತೇವ ಹಿಡಿದಿದ್ದ ಪೈಪನ್ನು ಬೈರಾಸಿನಿಂದ ಒರೆಸಿಕೊಂಡ ಮೇಲೆ. ಈಗ ಒಂದೇ ಉಸಿರಿಗೆ ಆರು ಮಾಡುತ್ತೇನೆ, ಏಳನೆಯದಕ್ಕೆ ಬಲ ಉಳಿದಿರುವಾಗಲೇ ನಿಲ್ಲಿಸುತ್ತೇನೆ, ಮತ್ತು ಆರನೆಯದರಿಂದ ಕೆಳಗೆ ಬರುವಾಗ ಇಂದಿಗೂ ಐದು ಎಣಿಸುತ್ತೇನೆ.