ಮತ್ತೆ ಜಲವರ್ಣ ಶುರು ಮಾಡುವವರು ಮೊದಲು ಕಾಗದ ಕೊಳ್ಳಿ

ಶಾಲೆಯಲ್ಲಿ ಚಿತ್ರ ಬಿಡಿಸುತ್ತಿದ್ದು, ಆಮೇಲೆ ಕೆಲಸ, ಸಂಸಾರ ಅಂತ ಬಿಟ್ಟವರು ನಿವೃತ್ತಿಯಾದ ಮೇಲೆ ಮತ್ತೆ ಬ್ರಷ್ ಹಿಡಿಯುವ ಆಸೆಯಲ್ಲಿ ಮೊದಲು ದೊಡ್ಡ ಬಣ್ಣದ ಪೆಟ್ಟಿಗೆ ತರುತ್ತಾರೆ. ಬೇಡ. ಆ ದುಡ್ಡು ಕಾಗದಕ್ಕೆ ಹಾಕಿ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿಯ ಕಾಗದಕ್ಕೆ. ತೆಳು ಹಾಳೆ ನೀರು ಬಿದ್ದ ಕೂಡಲೇ ಉಬ್ಬಿ ಬಣ್ಣ ಗುಳಿಯಲ್ಲಿ ನಿಲ್ಲುತ್ತದೆ, ನೀವು ಸುಮ್ನೆ ನಿಮ್ಮ ಕೈಯನ್ನು ದೂರುತ್ತೀರಿ.

ಹಳೆ ಟ್ಯೂಬ್ ಗಟ್ಟಿಯಾಗಿದ್ದರೆ ಸೀಳಿ, ನೀರು ಹಾಕಿ ನೆನೆಸಿ. ಒಳಗಿರುವುದು ಗೋಂದು, ಮತ್ತೆ ಕರಗುತ್ತದೆ. ಬೂಸ್ಟು ಹಿಡಿದಿದ್ದರೆ ಮಾತ್ರ ಬಿಸಾಡಿ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ನಿಂಬೆ ಹಳದಿ, ಒಂದು ಕೆಂಪು, ಜೊತೆಗೆ 10ನೇ ನಂಬರಿನ ದುಂಡು ಬ್ರಷ್. ಇಷ್ಟು ಸಾಕು.

ಅಭ್ಯಾಸಕ್ಕೆ ನಮ್ಮ ಕಾಸರಗೋಡಿನ ಮುರಕಲ್ಲಿಗಿಂತ, ಅಂದರೆ ತೂತು ತೂತಿನ ಕೆಂಪು ಕಲ್ಲಿಗಿಂತ, ಒಳ್ಳೆಯದು ಬೇರೆ ಬೇಡ. ಬೇಕಲ ಕೋಟೆಗೇ ಹೋಗಬೇಕೆಂದಿಲ್ಲ, ಹಿತ್ತಲಿನ ಪಾಗಾರವೂ ಆಗುತ್ತದೆ. ಹಳದಿಗೆ ಚೂರು ಸಿಯೆನ್ನಾ ಬೆರೆಸಿ ಗೋಡೆಯ ಜಾಗಕ್ಕೆಲ್ಲ ತೆಳ್ಳಗೆ ಬಳಿಯಿರಿ, ಬಿಸಿಲು ಬಿದ್ದ ಅಂಚನ್ನು ಬಿಳಿಯಾಗಿಯೇ ಬಿಡಿ. ಹಸಿ ಇರುವಾಗಲೇ ದಪ್ಪ ಸಿಯೆನ್ನಾವನ್ನು ಅಲ್ಲಲ್ಲಿ ಮುಟ್ಟಿಸಿ ಕೈ ತೆಗೆಯಿರಿ, ಅದು ತಾನೇ ಹರಡಿ ಕಲ್ಲಿನ ಮೈಯಾಗುತ್ತದೆ. ತಿದ್ದಲು ಹೋಗಬೇಡಿ.

ಇನ್ನು ಕಾಯಬೇಕು. ಹಾಳೆಯ ಹೊಳಪು ಹೋಗಿ, ತೇವ ಇನ್ನೂ ಉಳಿದಿರುವ ಹೊತ್ತು ಬಹಳ ಕಷ್ಟದ್ದು. ಆಗ ನೀರಿನ ಬ್ರಷ್ ತಾಗಿದರೆ ಹೂಕೋಸಿನಂಥ ಕಲೆ ಬೀಳುತ್ತದೆ. ಬೆರಳ ಹಿಂಬದಿಯಿಂದ ಮೆಲ್ಲಗೆ ಮುಟ್ಟಿ ನೋಡಿ, ತಣ್ಣಗಿದ್ದರೆ ಒಣಗಿಲ್ಲ ಅಂತಲೇ ಅರ್ಥ. ಏಪ್ರಿಲ್‌ನಲ್ಲಿ ಬೇಗ ಒಣಗುವುದು ಆಟಿಯ ಮಳೆಯಲ್ಲಿ ಎಷ್ಟು ಹೊತ್ತಾದರೂ ಒಣಗುವುದಿಲ್ಲ, ಅಲ್ವಾ? ಹಾಗಾಗಿ ಬೇರೆ ಊರಿನವರ ವಿಡಿಯೊದಲ್ಲಿ ಹೇಳುವ ನಿಮಿಷಗಳನ್ನು ಮಳೆಗಾಲದಲ್ಲಿ ನಂಬಬೇಡಿ. ಅವಸರವಿದ್ದರೆ ಹೇರ್ ಡ್ರೈಯರ್ ದೂರದಿಂದ ಹಿಡಿಯಿರಿ.

ಪೂರ್ತಿ ಒಣಗಿದ ಮೇಲೆ ಬಣ್ಣ ತಿಳಿಯಾಗಿ ಕಾಣುತ್ತದೆ. ಅದು ಜಲವರ್ಣದ ಸ್ವಭಾವ. ಅದಕ್ಕೇ ಹಸಿಯಲ್ಲಿ ಸ್ವಲ್ಪ ಜಾಸ್ತಿಯೇ ಗಾಢ ಹಾಕಬೇಕು. ಈಗ ಸಿಯೆನ್ನಾಕ್ಕೆ ನೀಲಿ ಸೇರಿಸಿ, ಬರುವ ಕಪ್ಪು ಕಂದಿನಲ್ಲಿ ಕಲ್ಲಿನ ತೂತು, ಸಂದು, ನೆರಳು ಇಡಿ. ಬುಡದ ಪಾಚಿಗೆ ನೀಲಿ ಹಳದಿ ಬೆರೆಸಿ, ಒಂದು ತೊಟ್ಟು ಸಿಯೆನ್ನಾ ಹಾಕಿ.

ಕೈ ನಡುಗುವವರು ಬ್ರಷ್ಷನ್ನು ಬೆರಳಿನಿಂದಲ್ಲ, ಭುಜದಿಂದ ಎಳೆಯಿರಿ, ಗೆರೆ ಸಲೀಸಾಗಿ ಬರುತ್ತದೆ. ಓದುವ ಕನ್ನಡಕ ಸಣ್ಣ ಕೆಲಸಕ್ಕೆ ಮಾತ್ರ ಸಾಕು. ಮೊದಲ ದೊಡ್ಡ ಬಣ್ಣವನ್ನು ಕನ್ನಡಕ ತೆಗೆದೇ ಹಾಕಿ ನೋಡಿ.

ಉಳಿದ ಹಾಳೆಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣವಿಟ್ಟು ಕಪಾಟಿನ ಮೇಲಿನ ಅರೆಯಲ್ಲಿಡಿ. ತೇವ ಹಿಡಿದರೆ, ನೀರು ಕೂಡಲೇ ಇಂಗದಂತೆ ತಡೆಯುವ ಹಾಳೆಯ ಅಂಟುಲೇಪ ಹಾಳಾಗಿ ಬಣ್ಣ ಚುಕ್ಕೆ ಚುಕ್ಕೆಯಾಗಿ ಇಂಗುತ್ತದೆ.