ಮೀಸೆ ಸಂದಿಯಲ್ಲಿ ನುಗ್ಗಿದ ಸಮುದ್ರ

ಸ್ನಾರ್ಕೆಲಿಂಗ್ ಅಂದರೆ ಕಣ್ಣು ಮೂಗು ಮುಚ್ಚುವ ಮಾಸ್ಕ್ ಹಾಕಿ, ಬಾಯಲ್ಲಿ ಕೊಳವೆ ಕಚ್ಚಿ, ತೇಲುತ್ತಾ ಸಮುದ್ರದೊಳಗೆ ನೋಡುವುದು. ಮೊದಲ ದಿನ ನನ್ನ ಮಾಸ್ಕ್ ಒಳಗೆ ಎಷ್ಟು ಸಲ ನೀರು ತುಂಬಿತೋ ಲೆಕ್ಕವಿಲ್ಲ. ಎರಡು ನಿಮಿಷ ಮುಖ ನೀರಲ್ಲಿಟ್ಟರೆ ಸಾಕು, ಮೂಗಿನ ಕೆಳಗಿಂದ ಉಪ್ಪುನೀರು ಸಣ್ಣಗೆ ಜಿನುಗುತ್ತಿತ್ತು. ಕಣ್ಣು ಉರಿ. ಪಟ್ಟಿ ಬಿಗಿ ಮಾಡಿದೆ, ಇನ್ನೂ ಜಾಸ್ತಿ ಸೋರಿತು. ಬಾಡಿಗೆಗೆ ಕೊಟ್ಟ ಹುಡುಗನ ಹತ್ತಿರ ಹೋಗಿ ಬೇರೆ ಮಾಸ್ಕ್ ಕೇಳಿದೆ. ಅವನು ನನ್ನ ಮುಖ ನೋಡಿ, ತನ್ನ ಮೇಲ್ತುಟಿಯ ಮೇಲೆ ಬೆರಳಾಡಿಸಿ ನಕ್ಕ. ಮೀಸೆ!

ಮಾಸ್ಕ್ ಅಂಚಿನ ಮೆತ್ತನೆ ಸಿಲಿಕಾನ್ ಚರ್ಮಕ್ಕೆ ಕಚ್ಚಿಕೊಂಡರೆ ಮಾತ್ರ ನೀರು ಹೊರಗೆ ನಿಲ್ಲುತ್ತದೆ. ನಡುವೆ ಕೂದಲು ಬಂದರೆ ಸಂದಿ. ಪಟ್ಟಿ ಬಿಗಿದಷ್ಟೂ ಸಿಲಿಕಾನ್ ಸುಕ್ಕಾಗಿ ಆ ಸಂದಿ ಇನ್ನೂ ದೊಡ್ಡದಾಗುತ್ತದೆ. ಆ ರಾತ್ರಿ ಮೂಗಿನ ಬುಡದಲ್ಲಿ ಒಂದು ಗೆರೆಯಷ್ಟು ಬೋಳಿಸಿದೆ. ಹೆಂಡತಿ ಎರಡು ದಿನ ನಕ್ಕಳು. ಮಾಸ್ಕ್ ಮಾತ್ರ ಆಮೇಲೆ ಸೋರಲಿಲ್ಲ.

ನಾವು ಹೋಗಿದ್ದು ಮಲೇಷ್ಯಾದ ಪರ್ಹೆಂಟಿಯನ್ ದ್ವೀಪಕ್ಕೆ. ತೆರೆಂಗ್ಗಾನು ರಾಜ್ಯದ ಕರಾವಳಿಯಿಂದ ಸುಮಾರು 20 ಕಿ.ಮೀ. ದೂರ. ಮಲಯ್ ಭಾಷೆಯಲ್ಲಿ ಪರ್ಹೆಂಟಿಯನ್ ಅಂದರೆ ತಂಗುದಾಣ. ಹಿಂದೆ ಈ ದಾರಿಯಲ್ಲಿ ಸಾಗುತ್ತಿದ್ದ ವ್ಯಾಪಾರಿ ಹಡಗುಗಳು ಇಲ್ಲಿ ನಿಂತು ಹೋಗುತ್ತಿದ್ದವಂತೆ. ಮುಖ್ಯವಾಗಿ ಎರಡು ದ್ವೀಪ, ದೊಡ್ಡದು ಬೆಸಾರ್, ಚಿಕ್ಕದು ಕೆಚಿಲ್. ಕೆಚಿಲ್ ಬೆನ್ನಿಗೆ ಚೀಲ ಹಾಕಿಕೊಂಡು ಓಡಾಡುವವರ ಜಾಗ, ನಮ್ಮ ಜೇಬಿಗೂ ಅದೇ ಸರಿ. ಕೋಟಾ ಬಾರುವಿನ ವಿಮಾನ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಕ್ವಾಲಾ ಬೆಸುತ್ ದೋಣಿಕಟ್ಟೆ. ಅಲ್ಲಿಂದ ಸ್ಪೀಡ್‌ಬೋಟ್, ಅರ್ಧ ಗಂಟೆ ಚಿಲ್ಲರೆ. ಮುಂದೆ ಕೂತರೆ ಪ್ರತಿ ಅಲೆಗೂ ಬೆನ್ನುಮೂಳೆ ಲೆಕ್ಕ ಕೊಡಬೇಕು, ಹಿಂದೆ ಕೂರಿ. ರಿಂಗಿಟ್ ನೋಟುಗಳನ್ನು ದಡದಲ್ಲೇ ತೆಗೆದುಕೊಂಡು ಹೋಗಿ. ದ್ವೀಪದಲ್ಲಿ ನಾವು ಎಟಿಎಂ ಕಾಣಲಿಲ್ಲ. ನವೆಂಬರಿಂದ ಫೆಬ್ರವರಿವರೆಗೆ ಈಶಾನ್ಯ ಮಾನ್ಸೂನ್. ಸಮುದ್ರ ಒರಟಾಗಿ, ಬಹುಪಾಲು ಹೋಟೆಲುಗಳು ಬಾಗಿಲು ಹಾಕುತ್ತವೆ. ನಾವು ಏಪ್ರಿಲ್‌ನಲ್ಲಿ ಹೋಗಿದ್ದೆವು, ನೀರು ಗಾಜಿನ ಹಾಗಿತ್ತು.

ಕಾರಿಲ್ಲ, ರಸ್ತೆಯಿಲ್ಲ. ಪೂರ್ವಕ್ಕೆ ಲಾಂಗ್ ಬೀಚ್, ಪಶ್ಚಿಮಕ್ಕೆ ಕೋರಲ್ ಬೇ, ನಡುವೆ ಕಾಡಿನ ಕಾಲುದಾರಿ. ಹದಿನೈದು ನಿಮಿಷದ ನಡಿಗೆ. ದಾರಿಯಲ್ಲಿ ಒಂದು ಉಡ ಅಡ್ಡ ಬಂದು, ನಮಗೇ ದಾರಿ ಬಿಡಿ ಅನ್ನುವ ಹಾಗೆ ನಿಂತಿತ್ತು. ಬಿಟ್ಟೆವು.

ಎರಡನೇ ದಿನ ಎಲ್ಲರ ಹಾಗೆ ನಾವೂ ದೋಣಿ ಟೂರ್ ಹತ್ತಿದೆವು. ಐದು ಜಾಗ, ಒಂದೊಂದರಲ್ಲಿ ಅರ್ಧ ಗಂಟೆ. ಆಮೆ ಕಂಡ ಕೂಡಲೇ ದೋಣಿಯವನು ಕೂಗುತ್ತಾನೆ, ನಾಲ್ಕು ದೋಣಿಯ ಜನ ಒಟ್ಟಿಗೆ ಧುಮುಕುತ್ತಾರೆ. ನನಗೆ ಆಮೆಗಿಂತ ಜಾಸ್ತಿ ಕಂಡಿದ್ದು ಬೇರೆಯವರ ಫಿನ್‌ಗಳು, ಅಂದರೆ ಈಜಲು ಕಾಲಿಗೆ ಹಾಕುವ ರಬ್ಬರ್ ರೆಕ್ಕೆಗಳು. ಹುಲ್ಲು ಮೇಯುತ್ತಿದ್ದ ಆ ಹಸಿರಾಮೆ ಉಸಿರಿಗೆ ಮೇಲೆ ಬರಬೇಕು, ಮೇಲೆಲ್ಲ ನಾವು. ಪಾಪ ಅನ್ನಿಸಿತು. ಸಂಜೆ ಹೊತ್ತಿಗೆ ಮೊಣಕಾಲಿನ ಹಿಂಭಾಗ ಸುಟ್ಟು ಕೆಂಪಾಗಿತ್ತು. ಸ್ನಾರ್ಕೆಲ್ ಮಾಡುವವರು ಬಿಸಿಲಿಗೆ ಕೊಡುವುದು ಬೆನ್ನು, ನಾನು ಕ್ರೀಮ್ ಹಚ್ಚಿದ್ದು ಮುಖಕ್ಕೆ! ಮಾರನೆಯ ದಿನದಿಂದ ಉದ್ದ ತೋಳಿನ ಅಂಗಿ, ಲೆಗಿಂಗ್ಸ್. ಹವಳಕ್ಕೂ ಅದೇ ಒಳ್ಳೆಯದು. ಆಕ್ಸಿಬೆನ್ಜೋನ್ ಅನ್ನುವ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಕ್ರೀಮ್ ಹವಳಕ್ಕೆ ಹಾನಿ ಅಂತ ಥಾಯ್ಲೆಂಡ್ 2021ರಲ್ಲಿ ತನ್ನ ಸಾಗರ ಉದ್ಯಾನಗಳಲ್ಲಿ ನಿಷೇಧಿಸಿದೆ.

ಮೂರನೇ ದಿನದಿಂದ ಟೂರ್ ಬಿಟ್ಟೆವು. ಕೋರಲ್ ಬೇ ತುದಿಯ ಬಂಡೆಗಳ ಹತ್ತಿರ, ದಡದಿಂದಲೇ ಇಳಿಯುವುದು. ಅಷ್ಟೇ ಕೆಲಸ. ನನಗೆ ಈಜು ಬರುತ್ತದೆ, ಆದರೆ ಬಾವಿಯ ಈಜು. ಹಾಗಾಗಿ ಲೈಫ್ ಜಾಕೆಟ್ ಬಿಚ್ಚಲಿಲ್ಲ. ಮುಳುಗುವ ಭಯ ಇಲ್ಲದವನು ಗಾಬರಿಯಲ್ಲಿ ಹವಳದ ಮೇಲೆ ಕಾಲೂರುವುದಿಲ್ಲ. ಹವಳ ಕಲ್ಲಲ್ಲ, ಜೀವ ಇರುವ ಪ್ರಾಣಿ. ಸಂದಿಯಲ್ಲಿ ಕರಿ ಮುಳ್ಳಿನ ಸೀ ಅರ್ಚಿನ್ ಬೇರೆ ಕಾದಿರುತ್ತದೆ.

ಅಭ್ಯಾಸ ಮಾಡಿದ್ದು ಸೊಂಟದ ನೀರಲ್ಲಿ. ಬಾಯಲ್ಲಿ ಕೊಳವೆ ಕಚ್ಚಿ, ಬಗ್ಗಿ, ಮುಖ ಮಾತ್ರ ನೀರಿಗೆ. ಹತ್ತು ನಿಮಿಷ ಸುಮ್ನೆ ಉಸಿರಾಟ. ಎಳೆಯುವುದಕ್ಕಿಂತ ಬಿಡುವುದು ಉದ್ದವಾಗಿರಬೇಕು. ಬೇಗ ಬೇಗ ಎಳೆದರೆ ಕೊಳವೆಯಲ್ಲಿ ಉಳಿದ ಹಳೆ ಗಾಳಿಯೇ ಮತ್ತೆ ಮತ್ತೆ ಒಳಗೆ ಹೋಗಿ ಏದುಸಿರು ಬರುತ್ತದೆ. ಕೊಳವೆಗೆ ನೀರು ನುಗ್ಗಿದರೆ ಒಲೆ ಊದುವ ಹಾಗೆ ಊದಿದರೆ ಆಗದು. ಬಾಯಿಗೆ ಸಿಕ್ಕ ಹೊಟ್ಟು ಉಗಿಯುವ ಹಾಗೆ, ಒಂದೇ ಏಟಿಗೆ. ಗಾಜಿಗೆ ಮಂಜು ಕಟ್ಟದಿರಲು ಎಂಜಲು ಸವರಿ ತೊಳೆದೆ. ಅಸಹ್ಯ ಅನ್ನುವವರು ಬೇಬಿ ಶಾಂಪೂ ಒಂದು ಹನಿ ಹಾಕಬಹುದು. ಹೆಂಡತಿ ಹಾಕಿದಳು.

ಕೈಕಾಲು ಬಡಿಯುವುದು ನಿಂತ ಮೇಲೆ ಮೀನುಗಳು ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಮೊದಲು ಕೇಳಿಸಿದ್ದು ಸದ್ದು. ಕರುಂ, ಕರುಂ. ಯಾರೋ ನಿಪ್ಪಟ್ಟು ಅಗಿದ ಹಾಗೆ. ನೋಡಿದರೆ ಗಿಳಿಯ ಕೊಕ್ಕಿನ ಪ್ಯಾರಟ್‌ಫಿಶ್ ಹವಳದ ಬಂಡೆ ಕೆರೆದು ಪಾಚಿ ತಿನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಲದ ಕಡೆಯಿಂದ ಬಿಳಿ ಪುಡಿ ಹೊಗೆಯಂತೆ ಬಿತ್ತು. ನಾವು ಟವೆಲ್ ಹಾಸಿ ಮಲಗಿದ್ದ ಬಿಳಿ ಮರಳಲ್ಲಿ ಅದರದ್ದೂ ಪಾಲಿದೆ. ಹೆಂಡತಿಗೆ ಇದನ್ನು ಊಟದ ನಂತರ ಹೇಳಿದೆ.

ಹೆದರಿದ್ದು ಒಂದೇ ಸಲ, ಅದೂ ಶಾರ್ಕ್‌ಗೆ ಅಲ್ಲ. ರೆಕ್ಕೆ ತುದಿ ಕಪ್ಪಗಿರುವ ಪುಟ್ಟ ಶಾರ್ಕ್ ನಮ್ಮನ್ನು ಕಂಡೊಡನೆ ತಾನೇ ಓಡಿತು. ಒಂದು ಮೀಟರ್ ಇತ್ತು ಅಂದುಕೊಂಡೆ. ನೀರೊಳಗೆ ಎಲ್ಲವೂ ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಕಂಡದ್ದರಲ್ಲಿ ಕಾಲು ಭಾಗ ಕಳೆದುಕೊಳ್ಳಿ. ಅಟ್ಟಿಸಿಕೊಂಡು ಬಂದದ್ದು ಟೈಟನ್ ಟ್ರಿಗರ್‌ಫಿಶ್. ಮರಳಲ್ಲಿ ಗೂಡು ಮಾಡಿ ಮೊಟ್ಟೆ ಕಾಯುವಾಗ ಅದಕ್ಕೆ ಯಾರೂ ಆಗುವುದಿಲ್ಲ. ಬೆನ್ನ ಮೇಲಿನ ಮುಳ್ಳು ಎತ್ತಿ ನನ್ನ ಫಿನ್‌ಗೆ ಎರಡು ಸಲ ಹಲ್ಲು ಹಾಕಿತು. ಗೂಡಿಂದ ಮೇಲ್ಮುಖವಾಗಿ, ಆಲಿಕೆಯ ಹಾಗೆ ಅಗಲವಾಗುತ್ತಾ ಹೋಗುವ ಜಾಗವೆಲ್ಲ ತನ್ನದೇ ಅನ್ನುತ್ತದೆ ಅದು. ಮೇಲಕ್ಕೆ ಹೋದರೆ ಇನ್ನೂ ಅದರ ಮನೆಯಲ್ಲೇ ಇರುತ್ತೀರಿ. ಅಡ್ಡಕ್ಕೆ ಈಜಬೇಕು. ಫಿನ್ ಅದರ ಕಡೆ ಇಟ್ಟು ಅಡ್ಡಕ್ಕೆ ಜಾರಿದೆ, ಬಿಟ್ಟಿತು.

ಕೊನೆಯ ಬೆಳಿಗ್ಗೆ ಮತ್ತೆ ಅದೇ ಬಂಡೆ. ಎದೆಮಟ್ಟದ ನೀರಲ್ಲಿ ಹೂವಿನ ಹಾಗೆ ಕಾಣುವ ಪ್ರಾಣಿ, ಒಂದು ಅನೆಮನಿ, ಅದರ ಎಸಳುಗಳ ನಡುವೆ ಕಿತ್ತಳೆ ಬಣ್ಣದ ಕ್ಲೌನ್‌ಫಿಶ್ ಸಂಸಾರ. ಮನೆಯಲ್ಲಿ ಎಲ್ಲರಿಗಿಂತ ದೊಡ್ಡದು ಹೆಣ್ಣು. ಅದು ಸತ್ತರೆ ಗಂಡು ತಾನೇ ಹೆಣ್ಣಾಗುತ್ತದೆ. ದೊಡ್ಡದು ಆಗಾಗ ನನ್ನ ಮಾಸ್ಕ್ ಗಾಜಿನವರೆಗೂ ಬಂದು, ಗದರಿಸಿ, ವಾಪಸ್ ಹೋಗುತ್ತಿತ್ತು. ಎಷ್ಟು ಹೊತ್ತಾಯಿತೋ. ಕಿವಿ ನೀರೊಳಗೆ, ದಡದಿಂದ ಕೂಗಿದ್ದು ಕೇಳಿಸಲಿಲ್ಲ. ಕೊನೆಗೆ ಹೆಂಡತಿ ಬಟ್ಟೆ ಸಮೇತ ನೀರಿಗಿಳಿದು ಭುಜ ತಟ್ಟಿದಳು. "ದೋಣಿ ಬಂದು ನಿಂತಿದೆ ಕಣ್ರೀ!" ಇಬ್ಬರೂ ತೊಪ್ಪೆಯಾದ ಬಟ್ಟೆಯಲ್ಲೇ ದೋಣಿ ಹತ್ತಿದೆವು. ಈ ಸಲ ಹಿಂದೆ ಜಾಗ ಇರಲಿಲ್ಲ.